ಗುಳ್ಳೆರಾಣಿ ಮತ್ತು ಬಾಯಿ ಬಿಡದ ಮೇಷ್ಟ್ರು

ದಂತ ಕಾಲೇಜಿನ ವಸಡಿನ ವಿಭಾಗದಲ್ಲಿ ಅವಳಿಗೆ ಗುಳ್ಳೆರಾಣಿ ಅಂತ ಹೆಸರಿಟ್ಟವಳು ನರ್ಸಕ್ಕ. ಸುಮ್ಮಸುಮ್ಮನೆ ಇಟ್ಟದ್ದಲ್ಲ. ಉಳಿದ ಎಳೆ ಡಾಕ್ಟರುಗಳೆಲ್ಲ ರೋಗಿಗಳ ಬಾಯೊಳಗೆ ಇಣುಕಿ ಸಂಶೋಧನೆ ಮಾಡುತ್ತಿದ್ದರೆ ಇವಳು ಕಂಪ್ಯೂಟರಿನೊಳಗೆ ಇಣುಕುತ್ತಿದ್ದಳು. ಮಾತ್ರೆ ನುಂಗಿ ವಸಡು ಬೆಳೆದುಬಿಟ್ಟವರ ಬಗ್ಗೆ ಜಗತ್ತಿನಲ್ಲಿ ಯಾರು, ಯಾವಾಗ, ಏನೇನು ಬರೆದರು ಅಂತ ಹುಡುಕಿ ಗುಡ್ಡೆ ಹಾಕುವುದೇ ಅವಳ ಕೆಲಸ. ಆ ಗುಡ್ಡೆಯನ್ನು ಒಂದು ಸಾಫ್ಟ್‌ವೇರಿಗೆ ಉಣಿಸಿದರೆ ಅದು ಬಣ್ಣಬಣ್ಣದ ಗುಳ್ಳೆಗಳ ನಕ್ಷೆಯನ್ನು ಉಗುಳುತ್ತಿತ್ತು. ಹೆಚ್ಚು ಲೇಖನ ಬಂದ ಮಾತ್ರೆಗೆ ದೊಡ್ಡ ಗುಳ್ಳೆ, ಯಾರೂ ಕೇಳದ್ದಕ್ಕೆ ಸಾಸಿವೆಯಷ್ಟು ಗುಳ್ಳೆ, ಒಂದೇ ಲೇಖನದಲ್ಲಿ ಜೊತೆಯಾಗಿ ಬರುವ ಗುಳ್ಳೆಗಳ ನಡುವೆ ಒಂದು ಗೆರೆ.

ಉಳಿದವರಿಗೆ ಅದು ನಕ್ಷೆ, ಅವಳಿಗೆ ರಾಜ್ಯ. ಫಿಟ್ಸಿನ ಮಾತ್ರೆ ಮುದಿರಾಜ, ಬಹಳ ಕಾಲ ಒಬ್ಬನೇ ಆಳಿದವನು. ಆಮೇಲೆ ಕಿಡ್ನಿ ಕಸಿ ಮಾಡಿಸಿಕೊಂಡವರ ಮಾತ್ರೆ ರಾಣಿಯಾಗಿ ಬಂದಳು, ಬರುವಾಗ ರಾಶಿ ಲೇಖನಗಳನ್ನು ಬಳುವಳಿ ತಂದಳು. ಅವರ ಬೆನ್ನಿಗೇ ಬಿಪಿ ಮಾತ್ರೆಗಳು, ಪಾಲು ಕೇಳಲು ಬಂದ ದಾಯಾದಿಗಳ ಹಾಗೆ. ಮೊದಮೊದಲು ರಾಜ್ಯದ ತುಂಬ ಬೆಳೆದ ವಸಡನ್ನು ಹೇಗೆ ಕತ್ತರಿಸುವುದು ಎಂಬ ಮಾತು. ಈಚೆಗೆ, ಒಂದೇ ಮಾತ್ರೆಗೆ ಒಬ್ಬರ ವಸಡು ಬೆಳೆದು ಇನ್ನೊಬ್ಬರದು ಯಾಕೆ ತೆಪ್ಪಗಿರುತ್ತದೆ ಎಂಬ ಜಗಳ. ಇದನ್ನೆಲ್ಲ ನೋಡುತ್ತ ನೋಡುತ್ತ ಅವಳ ಟೀ ತಣ್ಣಗಾಗುತ್ತಿತ್ತು.

ಈಗ ಆ ರಾಜ್ಯಕ್ಕೆ ಕುತ್ತು ಬಂದಿತ್ತು. ನಾಳೆ ಬೆಳಗ್ಗೆ ಅವಳ ಜೀವನದ ಮೊದಲ ಸಮ್ಮೇಳನ. ಅಲ್ಲಿ ತೂಗಿಸುವ ಗುಳ್ಳೆನಕ್ಷೆಯ ಪೋಸ್ಟರು ಇವತ್ತು ಸಂಜೆ ಏಳಕ್ಕೆ ಮೊದಲು ಮುದ್ರಣದ ಅಂಗಡಿಗೆ ಹೋಗಬೇಕು. ಹೋಗಬೇಕಾದರೆ ಅವಳ ಸಂಶೋಧನೆಯ ಮಾರ್ಗದರ್ಶಕರಾದ ಮೇಷ್ಟ್ರು ಒಪ್ಪಬೇಕು. ಒಪ್ಪಬೇಕಾದರೆ ಮೇಷ್ಟ್ರು ಬಾಯಿ ಬಿಡಬೇಕು.

ಅದೊಂದೇ ಆಗದ ಕೆಲಸ. ಊರಿಗೆಲ್ಲ "ಆ ಅನ್ನಿ" ಎನ್ನುವ ಮನುಷ್ಯ ತಿಂಗಳುಗಳಿಂದ ತುಟಿ ಎರಡು ಮಾಡಿರಲಿಲ್ಲ. ಕ್ಲಿನಿಕ್ಕಿನಲ್ಲಿ ಮಾಸ್ಕು. ಕೋಣೆಯಲ್ಲಿ ಬಾಯಿಗೆ ಅಡ್ಡ ಅಂಗೈ. ಆ ಭಂಗಿ ನೋಡಿ ಕಿರಿಯರು, ಏನೋ ಮಹತ್ತರವಾದದ್ದನ್ನು ಯೋಚಿಸುತ್ತಿದ್ದಾರೆ ಅಂತ ಭಯಭಕ್ತಿಯಿಂದ ನಡೆದುಕೊಳ್ಳುತ್ತಿದ್ದರು. ಪೋಸ್ಟರಿನ ಕರಡು ಕೊಟ್ಟಾಗಲೆಲ್ಲ ಮೇಷ್ಟ್ರು ಪೆನ್ಸಿಲ್ ಎತ್ತಿ ಒಂದೇ ಒಂದು ಗುಳ್ಳೆಯ ಸುತ್ತ ದೊಡ್ಡ ವೃತ್ತ ಎಳೆದು ವಾಪಸು ಕೊಡುತ್ತಿದ್ದರು. ಯಾವಾಗಲೂ ಅದೇ ಗುಳ್ಳೆ: ಆಮ್ಲೊಡಿಪಿನ್, ಬಿಪಿಯ ಸಾದಾ ಮಾತ್ರೆ. ಗುಳ್ಳೆರಾಣಿ ಮತ್ತೆ ಲೆಕ್ಕ ಹಾಕುತ್ತಿದ್ದಳು. ಗುಳ್ಳೆ ಇದ್ದಷ್ಟೇ ಇರುತ್ತಿತ್ತು. ಮೇಷ್ಟ್ರ ವೃತ್ತ ಮಾತ್ರ ಸಲದಿಂದ ಸಲಕ್ಕೆ ಹಿಗ್ಗುತ್ತಿತ್ತು.

"ಇವತ್ತೂ ವೃತ್ತವೇ?" ನರ್ಸಕ್ಕ ಉಪಕರಣಗಳನ್ನು ಒರೆಸುತ್ತ ಕೇಳಿದಳು.

"ವೃತ್ತವೇ. ಅಕ್ಕಪಕ್ಕದ ಎರಡು ಗುಳ್ಳೇನೂ ನುಂಗಿಬಿಟ್ಟಿದೆ."

"ಹೋಗಿ ಬಾಯಿ ಬಿಟ್ಟು ಕೇಳು ತಾಯಿ. ಬಾಯಿಗೆ ಬೆರಳಿಟ್ಟರೂ ಕಚ್ಚಲ್ಲ ಅನ್ನೋ ಹಾಗೆ ಕೂತಿದ್ದರೆ ಅಂಗಡಿಯವನು ಕಾಯ್ತಾನಾ?"

ಕೇಳಿಯೇ ಬಿಡೋಣ ಅಂತ ಅವಳು ಮೇಷ್ಟ್ರ ಕೋಣೆಗೆ ನುಗ್ಗಿದಳು. ನುಗ್ಗಿದ ರಭಸಕ್ಕೆ ಬೀರುವಿನ ಮೇಲೆ ಒಣಗಲಿಟ್ಟಿದ್ದ ಹಲ್ಲಿನ ಅಚ್ಚುಗಳು ಅಲುಗಿ ಪ್ಲಾಸ್ಟರಿನ ಪುಡಿ ಮೇಷ್ಟ್ರ ಮೂಗಿನ ಮೇಲೇ ಇಳಿಯಿತು. ಮೇಷ್ಟ್ರು ಮೂಗು ಹಿಡಿದರು, ಕಣ್ಣು ಮುಚ್ಚಿದರು, ಕಿವಿ ಕೆಂಪಾಯಿತು. ಆದರೆ ಎಷ್ಟು ದೊಡ್ಡ ವಿದ್ವಾಂಸನಾದರೂ ಸೀನಿನ ಮುಂದೆ ಶಿಷ್ಯನೇ.

ಕಿಟಕಿಯ ಗಾಜು ನಡುಗಿತು. ಬಾಯಿ ಗುಹೆಯ ಬಾಗಿಲಿನ ಹಾಗೆ ತೆರೆಯಿತು. ಗುಳ್ಳೆರಾಣಿ ನೋಡಿಬಿಟ್ಟಳು: ಮುಂದಿನ ಹಲ್ಲುಗಳು ಕುತ್ತಿಗೆವರೆಗೂ ಕಂಬಳಿ ಹೊದ್ದು ಮಲಗಿದ ಮಕ್ಕಳಂತೆ ಇಣುಕುತ್ತಿದ್ದವು. ಅಷ್ಟು ವಸಡು.

ಮೇಷ್ಟ್ರು ಅಂಗೈಯನ್ನು ಮತ್ತೆ ಬಾಯಿಗೆ ಅಡ್ಡ ತಂದರು.

"ಸಾರ್, ಆಮ್ಲೊಡಿಪಿನ್?"

"ಒಂದೂವರೆ ವರ್ಷದಿಂದ," ಎಂದರು ಮೇಷ್ಟ್ರು, ಅಂಗೈಯ ಹಿಂದಿನಿಂದ.

"ಯಾರಿಗಾದ್ರೂ ತೋರಿಸಬಾರದಿತ್ತಾ?"

"ಯಾರಿಗಮ್ಮ ತೋರಿಸಲಿ? ಈ ಊರಲ್ಲಿ ವಸಡು ನೋಡೋರೆಲ್ಲ ನನ್ನ ಶಿಷ್ಯರೇ. ಸರಿಯಾಗಿ ಹಲ್ಲುಜ್ಜಿ ಅಂತ ಅವರಿಗೆ ಮೂವತ್ತು ವರ್ಷ ಪಾಠ ಮಾಡಿದ್ದೀನಿ." ನಕ್ಷೆಯ ಮೇಲೆ ಬೆರಳೂರಿದರು. "ಅದಕ್ಕೇ ವೃತ್ತ ಎಳೀತಿದ್ದಿದ್ದು, ನಿನ್ನ ಗುಳ್ಳೆ ತಪ್ಪು. ಇಷ್ಟು ಸಣ್ಣಕ್ಕಿರೋಕೆ ಸಾಧ್ಯಾನೇ ಇಲ್ಲ."

ಗುಳ್ಳೆರಾಣಿಗೆ ಎಲ್ಲ ಅರ್ಥವಾಯಿತು. ನಗು ಒತ್ತರಿಸಿ ಬಂತು. ಅದನ್ನು ನುಂಗಿ ಹೇಳಿದಳು: "ಸಾರ್, ನಿಮ್ಮೊಬ್ಬರ ವಸಡು ಬೆಳೆದ್ರೆ ಜಗತ್ತಿನ ಗುಳ್ಳೆ ಬೆಳೆಯಲ್ಲ. ಯಾರಾದ್ರೂ ಅದನ್ನ ನೋಡಿ ಬರೀಬೇಕು. ನೀವು ಬಾಯಿ ಮುಚ್ಕೊಂಡು ಕೂತ್ರೆ ನೀವು ನನ್ನ ನಕ್ಷೇಲಿ ಸಾಸಿವೆನೂ ಅಲ್ಲ."

ಅಂದ ಮೇಲೆ ಇನ್ನು ಪೋಸ್ಟರಿಗೆ ಎಳ್ಳುನೀರೇ ಅಂದುಕೊಂಡಳು. ಮೇಷ್ಟ್ರು ಎದ್ದರು. ಕ್ಲಿನಿಕ್ಕಿಗೆ ನಡೆದು, ರೋಗಿಯ ಕುರ್ಚಿಯಲ್ಲಿ ತಾವೇ ಒರಗಿದರು. ನರ್ಸಕ್ಕ ಎದೆಗೆ ಬಟ್ಟೆ ಕಟ್ಟಿದಳು.

ಗುಳ್ಳೆರಾಣಿ ಬಹಳ ದಿನಗಳ ಮೇಲೆ ನಿಜವಾದ ಬಾಯೊಳಗೆ ಇಣುಕಿದಳು. ಅಲ್ಲಿ ರಾಜನಿಲ್ಲ, ರಾಣಿಯಿಲ್ಲ. ನಿನ್ನೆಯ ಪಾಲಕ್ ಸೊಪ್ಪಿನ ಚೂರೊಂದಿತ್ತು. ಮೆಲ್ಲಗೆ ಕ್ಲೀನ್ ಮಾಡುತ್ತ ಹೇಳಿದಳು: "ಮಾತ್ರೆ ನೀವಾಗಿ ನಿಲ್ಲಿಸೋ ಹಾಗಿಲ್ಲ ಸಾರ್. ನಾಳೆನೇ ನಿಮ್ಮ ಬಿಪಿ ಡಾಕ್ಟರ ಹತ್ರ ಹೋಗಿ, ಬೇರೆ ಕೊಡ್ತಾರಾ ಕೇಳಿ. ಕತ್ತರಿಸೋ ಮಾತು ಆಮೇಲೆ ನೋಡೋಣ."

"ಅ ಅ ಅ," ಎಂದರು ಮೇಷ್ಟ್ರು. ಬಾಯೊಳಗೆ ಕನ್ನಡಿ, ಕೊಳವೆ, ಮೂರು ಹತ್ತಿಯುಂಡೆ.

ಗೋಡೆಯ ಗಡಿಯಾರ ಆರೂವರೆ ದಾಟಿತ್ತು. ಇಂಥ ಸಮಯ ಇನ್ನೊಮ್ಮೆ ಸಿಗುವುದಿಲ್ಲ ಅಂತ ಅವಳಿಗೆ ಹೊಳೆಯಿತು.

"ಸಾರ್, ಆ ಗುಳ್ಳೆ ಇರೋ ಹಾಗೇ ಇರಲಿ. ಪೋಸ್ಟರು ಅಂಗಡಿಗೆ ಕಳಿಸ್ತೀನಿ. ಒಪ್ಪಿಗೆ ಅಂದ್ರೆ ಒಂದ್ಸಲ ಕಣ್ಣು ಮಿಟುಕಿಸಿ."

ಮೇಷ್ಟ್ರು ಕಣ್ಣು ಮಿಟುಕಿಸಿದರು.

"ದೀಪ ಕಣ್ಣಿಗೆ ಹೊಡೀತಿದೆ ಕಣೇ," ಎಂದಳು ನರ್ಸಕ್ಕ ಮೆಲ್ಲಗೆ.

"ಮಿಟುಕಿಸಿದ್ರೋ ಇಲ್ವೋ?"

"ಮಿಟುಕಿಸಿದ್ದಂತೂ ಹೌದು. ದೇವರ ಮೇಲೆ ಆಣೆ."

ಅಷ್ಟು ಸಾಕಾಯಿತು. ಮೇಷ್ಟ್ರಿಗೆ ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಕೈಗವಸು ಕಳಚಿ, ಪೆನ್‌ಡ್ರೈವ್ ಹಿಡಿದು ಗುಳ್ಳೆರಾಣಿ ಮೆಟ್ಟಿಲಿಳಿದಳು. ಹೆಬ್ಬಾಗಿಲು ದಾಟುವಷ್ಟರಲ್ಲಿ ಮೇಲಿನ ಕಿಟಕಿ ತೆರೆದ ಸದ್ದಾಯಿತು.

"ನಿಲ್ಲಮ್ಮ," ಮೇಷ್ಟ್ರ ದನಿ ಬೀದಿಯ ತುಂಬ ಹರಿಯಿತು, ತಿಂಗಳುಗಳಿಂದ ಕಟ್ಟೆ ಕಟ್ಟಿದ್ದ ನೀರಿನ ಹಾಗೆ. "ತಲೆಬರಹ ಉದ್ದ ಆಯ್ತು. ಹಳದಿ ಅಕ್ಷರ ಯಾರಿಗೂ ಕಾಣಲ್ಲ. ಬಲಗಡೆ ನಕ್ಷೆ ಸೊಟ್ಟಗಿದೆ. ಇನ್ನೂ ಒಂದು ಮಾತಿದೆ, ಕೇಳು..."

ಗುಳ್ಳೆರಾಣಿ ಎರಡೂ ಕೈ ಎತ್ತಿ, ಕೇಳಿಸಲಿಲ್ಲ ಅಂತ ಕಿವಿ ತೋರಿಸಿ, ಓಟ ಕಿತ್ತಳು.