ಕಿಟ್ಟಣ್ಣನ ಚಹಾಕ್ಕೆ ದಿಗ್ಬಂಧನ

ಬಂದ್ಯೋಡಿನ ಕಿಟ್ಟಣ್ಣನಿಗೆ ಬಾಯಿ ಮುಚ್ಚಿ ಪೇಪರ್ ಓದಿ ಗೊತ್ತಿಲ್ಲ. ಎಲ್ಲದಕ್ಕೂ ಕಾರಣ ಆ ಬಾಯಿಯೇ. 2017ರ ಜೂನಿನಲ್ಲಿ ನೆರೆಯ ಕೆಲವು ಗಲ್ಫ್ ದೇಶಗಳು ಸೇರಿ ಕತಾರಿಗೆ ಬಾಗಿಲು ಹಾಕಿದ ಸುದ್ದಿ ಬಂದ ಬೆಳಿಗ್ಗೆ, ಕತಾರಿನ ದೋಹಾದಲ್ಲಿದ್ದ ಹಿರಿಮಗ ಜಿತೇಂದ್ರನ ಹೆಂಡತಿ ನಮಿತಾ ಕೊಟ್ಟ ಚಹಾವನ್ನೇ ಹೀರುತ್ತ ಅವಳನ್ನೇ ಕೆಣಕಿದ.

"ಜಿತೇಂದ್ರನಿಗೆ ಇನ್ನು ದೋಹಾದಲ್ಲಿ ಹಾಲು ಸಿಗ್ಲಿಕ್ಕಿಲ್ಲ ಮಾರಾಯ್ತಿ. ನಮ್ಮ ವಿಜೇತನ ದುಬೈಯವರೂ ಸೇರಿಕೊಂಡಿದ್ದಾರೆ!"

ದುಬೈಯಲ್ಲಿದ್ದ ಕಿರಿಮಗ ವಿಜೇತನ ಹೆಂಡತಿ ರಶ್ಮಿತಾ ಕಿಸಕ್ಕನೆ ನಕ್ಕಳು. ಅಷ್ಟೇ ಸಾಕಾಯಿತು.

"ನಗು, ನಗು. ಈ ಮನೆಯಲ್ಲಿ ಅಡುಗೆ ಆಗುವುದು ನನ್ನ ಹೆಸರಿನ ಗ್ಯಾಸಿನಲ್ಲಿ, ನೆನಪುಂಟಾ?" ಎಂದಳು ನಮಿತಾ.

"ಚಾಕ್ಕೆ ಹಾಲು ನನ್ನ ತವರಿನ ದನದ್ದು, ಅಕ್ಕಾ" ಎಂದಳು ರಶ್ಮಿತಾ.

ಮರುದಿನ ಗ್ಯಾಸಿನ ರೆಗ್ಯುಲೇಟರ್ ನಮಿತಾಳ ಕಪಾಟು ಸೇರಿತು, ಹಾಲಿನ ಪಾತ್ರೆ ರಶ್ಮಿತಾಳ ಕೋಣೆ ಸೇರಿತು. ಕಿಟ್ಟಣ್ಣನ ಹೆಂಡತಿ ಪಂಕಜಾಕ್ಷಿ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಹೇಗೋ ಗಂಜಿ ಬೇಯಿಸಿದಳು. ಚಹಾದ ಮಾತೆತ್ತಿದರೆ ಗಂಡನನ್ನು ದುರುಗುಟ್ಟಿ ನೋಡಿದಳು. ಪೇಟೆಗೆ ಓಡಿದರೆ ರಂಜಾನ್ ಉಪವಾಸ, ಹೋಟೆಲುಗಳಿಗೆಲ್ಲ ಸಂಜೆಯವರೆಗೂ ಶಟರ್. ಐವತ್ತು ವರ್ಷ ಬೆಳಿಗ್ಗೆ ತಪ್ಪದೆ ಚಹಾ ಕುಡಿದ ಜೀವ! ನಾಲ್ಕನೇ ದಿನ ತಲೆ ಸಿಡಿದು ಹೋಗುವಂತಾಗಿ, ಈ ಜಗತ್ಪಂಡಿತ ದೋಹಾಕ್ಕೇ ಫೋನ್ ಹಚ್ಚಿದ. ಕಿವಿ ಮಂದ, ಹಾಗಾಗಿ ಸ್ಪೀಕರಿನಲ್ಲಿ.

"ಜಿತೇಂದ್ರಾ, ನಿಮ್ಮ ಕತಾರಿನವರು ದುಬೈಗೆ ಕೊಡುವ ಗ್ಯಾಸು ನಿಲ್ಲಿಸಿದ್ದು ಸರಿ. ಆದರೆ ನಿನ್ನ ಹೆಂಡತಿಗೆ ಸ್ವಲ್ಪ ಹೇಳು ಮಾರಾಯ!"

"ನಿಲ್ಲಿಸಿದ್ದು ಅಂತ ಯಾರು ಹೇಳಿದ್ದು ಅಪ್ಪಾ?" ಜಿತೇಂದ್ರ ನಕ್ಕ. "ಪೈಪಿನಲ್ಲಿ ಹೋಗ್ತಾನೇ ಉಂಟು. ಇಲ್ಲಿಗೆ ಟರ್ಕಿಯ ಹಾಲೂ ಬಂತು. ವಿಜೇತನ ಹತ್ರ ಈಗಷ್ಟೇ ಮಾತಾಡಿದೆ, ಆರಾಮ ಇದ್ದಾನೆ. ನಿಮ್ಮಲ್ಲಿ ಎಂತ ಗಲಾಟೆ?"

ಮಾತು ಅಡುಗೆಮನೆಯಲ್ಲಿದ್ದ ಸೊಸೆಯರಿಗೂ ಕೇಳಿಸಿತು. ಕಚ್ಚಾಡಿದ ದೇಶಗಳೇ ಒಲೆ ಆರಿಸಿಕೊಂಡಿಲ್ಲ, ಆರಿಸಿಕೊಂಡದ್ದು ತಾವು ಮಾತ್ರ! ನಮಿತಾ ತಲೆ ತಗ್ಗಿಸಿ ರೆಗ್ಯುಲೇಟರ್ ತಂದಳು. ರಶ್ಮಿತಾ ಹಾಲಿನ ಪಾತ್ರೆ ಮುಂದಿಟ್ಟಳು.

ಕೊನೆಗೂ ಹಬೆಯಾಡುವ ಗ್ಲಾಸು ಬಂತು. ಕಿಟ್ಟಣ್ಣ ಒಂದು ಗುಟುಕು ಹೀರಿ ಮುಖ ಕಿವುಚಿದ. ಸಪ್ಪೆ!

"ಸಕ್ಕರೆ ಎಲ್ಲಿ?"

ಪಂಕಜಾಕ್ಷಿ ಸಕ್ಕರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ನನ್ನ ಹತ್ರ ಉಂಟು. ನಾಳೆಯಿಂದ ಪೇಪರ್ ಮನಸ್ಸಿನಲ್ಲೇ ಓದುವುದಾದರೆ ಎರಡು ಚಮಚ ಹಾಕ್ತೇನೆ."

ಕಿಟ್ಟಣ್ಣ ಏನೋ ಹೇಳಲು ಬಾಯಿ ತೆರೆದ. ಮುಚ್ಚಿದ. ಗ್ಲಾಸು ಮುಂದೆ ಚಾಚಿದ.