ಛಾವಣಿಗೆ ಸಂದ ಕೀರ್ತಿ

ಪ್ರೆಸ್ಸಿನ ಬೈಂಡಿಂಗ್ ಕೋಣೆಯಲ್ಲಿ ಅಕ್ಕ ಪುಸ್ತಕ ಹೊಲಿಯುತ್ತಿದ್ದಳು. ಕಪಾಟಿನ ಮೇಲಿದ್ದ ರೇಡಿಯೊದಲ್ಲಿ ತಂಗಿ ಮಾತಾಡುತ್ತಿದ್ದಳು. ಹೊಲಿಯುತ್ತಿದ್ದುದೂ ತಂಗಿಯ ಪುಸ್ತಕವನ್ನೇ. ಮಂಚದ ಕೆಳಗೊಂದು ರಾಜ್ಯ, ಅಲ್ಲಿ ಚಪ್ಪಲಿಯೇ ಹಡಗು, ಬೆಕ್ಕೇ ಸೇನಾಪತಿ. ಮಕ್ಕಳು ಅದಕ್ಕೆ ಮುಗಿಬಿದ್ದಿದ್ದರು. ಇದು ಆರನೆಯ ಮುದ್ರಣ.

"ಈ ರಾಜ್ಯ ನಿಮಗೆ ಎಲ್ಲಿ ಸಿಕ್ತು?" ಎಂದು ರೇಡಿಯೊದವರು ಕೇಳಿದರು.

ಅಕ್ಕನ ಸೂಜಿ ನಿಂತಿತು. ಈಗಲಾದರೂ ತನ್ನ ಹೆಸರು ಹೇಳುತ್ತಾಳೆ ಎಂದುಕೊಂಡಳು.

"ಎಂಟನೇ ವಯಸ್ಸಲ್ಲಿ ಕಾಲು ಮುರ್ಕೊಂಡು ಏಳು ತಿಂಗಳು ಮಲಗಿದ್ದೆ. ಛಾವಣಿ ನೋಡ್ತಾ ನೋಡ್ತಾ ಎಲ್ಲಾ ಹುಟ್ಟಿದ್ದು," ಎಂದಳು ತಂಗಿ.

ಛಾವಣಿಯಂತೆ ಛಾವಣಿ! ಆ ಏಳು ತಿಂಗಳೂ ಶಾಲೆಯಿಂದ ಬಂದು, ಚೀಲ ಮೂಲೆಗೆಸೆದು, ಮಂಚದ ಅಂಚಿಗೆ ಕೂತು ಬೆಕ್ಕಿಗೆ ಸೇನಾಪತಿಯ ಪಟ್ಟ ಕಟ್ಟಿದವರು ಯಾರು? ಹತ್ತಿದ ಏಣಿಯನ್ನು ಒದೆಯುವವರನ್ನು ಅಕ್ಕ ಕಂಡಿದ್ದಳು. ಏಣಿಯನ್ನು ಮರೆತು ಛಾವಣಿಗೆ ಕೈಮುಗಿಯುವವರನ್ನು ಕಂಡದ್ದು ಇದೇ ಮೊದಲು. ಸಿಟ್ಟಿಗೆ ಎಳೆದ ದಾರ ಪಟ್ಟನೆ ತುಂಡಾಯಿತು.

ಸುಳ್ಳೇಕೆ, ಈ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಮೊದಲ ಮುದ್ರಣದ ಮುಖಪುಟದಲ್ಲಿ ಬೆಕ್ಕನ್ನು ಕಂಡಾಗಲೇ "ಕಳ್ಳಿ!" ಎಂದು ಗೊಣಗಿದ್ದಳು. ಒಳಗೇನಿದೆಯೆಂದು ಮಾತ್ರ ಓದಿರಲಿಲ್ಲ. ಹೊಲಿಯುವವರ ಕಣ್ಣು ಪುಟದ ಸಂಖ್ಯೆಯ ಮೇಲೆ. ಹದಿನಾರರ ನಂತರ ಹದಿನೇಳು ಬಂದರೆ ಸಾಕು, ಕಥೆ ಯಾರಿಗೆ ಬೇಕು? ಸಾವಿರಾರು ಪ್ರತಿಗಳು ಅವಳ ಕೈದಾಟಿ ಹೋಗಿದ್ದವು.

ಮರುದಿನ ತಂಗಿ ಪ್ರತಿಗಳಿಗೆ ಸಹಿ ಹಾಕಲು ಪ್ರೆಸ್ಸಿಗೆ ಬಂದಳು. ಮಾಲೀಕರು ತಾವೇ ಕುರ್ಚಿ ಒರೆಸಿ ಕೂರಿಸಿದರು. ಇಪ್ಪತ್ತು ವರ್ಷ ದುಡಿದ ಅಕ್ಕನಿಗೆ ಇಂದಿಗೂ ಬೆನ್ನಿಲ್ಲದ ಸ್ಟೂಲೇ ಗತಿ. ಮಾಲೀಕರು ಅತ್ತ ಹೋದದ್ದೇ ತಡ, ಅವಳು ಕೇಳಿಯೇಬಿಟ್ಟಳು.

"ಏನೇ, ಆ ರಾಜ್ಯದ ಕಥೆ ನಿಂಗೆ ಛಾವಣಿ ಹೇಳ್ತಾ?"

"ರಾಜ್ಯ ನಿಂದೇ ಅಕ್ಕ. ಇಲ್ಲ ಅಂದೋರ್ಯಾರು?" ತಂಗಿ ಪೆನ್ನು ಕೆಳಗಿಟ್ಟಳು. "ಆದ್ರೆ ಒಂದಿನಾನಾದ್ರೂ ಕಥೆ ಮುಗಿಸಿದ್ಯಾ ನೀನು? ಬೆಕ್ಕನ್ನ ಬಾವಿಗೆ ಬೀಳ್ಸಿ, 'ಉಳಿದಿದ್ದು ನಾಳೆ' ಅಂತ ಆಟಕ್ಕೆ ಓಡ್ತಿದ್ದೆ. ನಾಳೆ ಬಂದ್ರೆ ಬೇರೆ ಕಥೆ. ನಿನ್ನ ಹಿಂದೆ ಬರೋಣ ಅಂದ್ರೆ ನಾನು ಏಳೋ ಹಾಗಿರ್ಲಿಲ್ಲ. ಆ ಬೆಕ್ಕನ್ನ ಮೇಲೆತ್ತೋಕೆ ನಂಗೆ ಛಾವಣಿ ಬಿಟ್ರೆ ಯಾರಿದ್ರು?"

ಅಕ್ಕ ಸೂಜಿಗೆ ದಾರ ಪೋಣಿಸತೊಡಗಿದಳು.

"ನಿಂಗೆ ಕೊನೆ ಗೊತ್ತಿತ್ತಲ್ವಾ, ಯಾಕೆ ಹೇಳ್ತಿರ್ಲಿಲ್ಲ? ಹೊಟ್ಟೆಕಿಚ್ಚು ನಂಗೂ ಇತ್ತು. ನಿನ್ನ ಕಾಲುಗಳ ಮೇಲೆ. ನೀನು ಬಚ್ಚಿಟ್ಕೊಂಡಿದ್ದ ಆ ಕೊನೆಗಳ ಮೇಲೆ."

"ಆಟಕ್ಕೆ ಹೊತ್ತಾಗ್ತಿತ್ತು," ಎಂದಳು ಅಕ್ಕ.

ಅದು ಸುಳ್ಳು. ಯಾವ ಕಥೆಯ ಕೊನೆಯೂ ಅವಳಿಗೆ ಹೊಳೆಯುತ್ತಿರಲಿಲ್ಲ, ಅದಕ್ಕೇ ಓಡುತ್ತಿದ್ದಳು. ಅದನ್ನು ತಂಗಿಯೆದುರು ಒಪ್ಪಿಕೊಳ್ಳುವುದಕ್ಕಿಂತ ಕೆಟ್ಟವಳಾಗಿ ಉಳಿಯುವುದೇ ವಾಸಿ ಎನಿಸಿತು.

ತಂಗಿ ಹೋದ ಮೇಲೆ ಒಂದು ಪ್ರತಿ ಎತ್ತಿಕೊಂಡು, ನಿಂತಲ್ಲೇ ಕೊನೆಯ ಅಧ್ಯಾಯ ತೆರೆದಳು. ಬೆಕ್ಕು ಬಾವಿಯಲ್ಲಿತ್ತು. ಏಳಲಾರದ ರಾಣಿ ಬಾವಿಕಟ್ಟೆಗೆ ತೆವಳಿಕೊಂಡು ಬಂದು, ತನ್ನ ಕಾಲಿಗೆ ಸುತ್ತಿದ್ದ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿ ಒಳಗೆ ಇಳಿಬಿಟ್ಟಳು. ಬೆಕ್ಕು ಉಗುರೂರಿ ಹತ್ತಿ ಬಂತು. ರಾಣಿ ಎಷ್ಟೋ ದಿನಗಳ ಮೇಲೆ ತನ್ನ ಕಾಲನ್ನು ನೋಡಿಕೊಂಡಳು.

ಆ ಪಟ್ಟಿಯನ್ನು ಏಳು ತಿಂಗಳು ಅಕ್ಕ ದಿನವೂ ಕಂಡಿದ್ದಳು. ಅದು ಹಗ್ಗವಾದೀತೆಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ, ಇನ್ನೊಂದು ಜನ್ಮವೆತ್ತಿದರೂ ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ಪಟ್ಟದ್ದು ಬರೀ ಕಳುವಾದ ಮಾಲಿನ ಸಂಕಟ. ನಿಜವಾದ ಹೊಟ್ಟೆಕಿಚ್ಚು ಆಗ ಶುರುವಾಯಿತು.