ಹಾಡುಗಾರನ ಹಾಡುಹಗಲ ದರೋಡೆ

ಬೆಳಗಿನ ತಿಂಡಿಯ ಬೆನ್ನಿಗೇ ದರೋಡೆ ಮುಗಿಯಬೇಕಿತ್ತು. ಊಟದ ಹೊತ್ತು ಹತ್ತಿರವಾದರೂ ಬ್ಯಾಂಕಿನಲ್ಲಿ ಒಂದು ನೋಟೂ ಅಲ್ಲಾಡಿರಲಿಲ್ಲ. ಅಲ್ಲಾಡುತ್ತಿದ್ದವರೆಲ್ಲ ಜನ.

ಬ್ಯಾಂಕು ಅಂದರೆ ಹಳೇ ಗೋದಾಮಿನೊಳಗೆ ಪ್ಲೈವುಡ್ಡಿನಲ್ಲಿ ಎಬ್ಬಿಸಿದ ಸೆಟ್ಟು. ಗಾಜಿನ ಕೌಂಟರು, ದಾರ ಕಟ್ಟಿದ ಪೆನ್ನು, ಒಂದೇ ನಂಬರಿನಲ್ಲಿ ಕಲ್ಲಾಗಿ ಕೂತ ಟೋಕನ್ ಬೋರ್ಡು, ಎಲ್ಲವೂ ಥೇಟು ಬ್ಯಾಂಕೇ. 'ವಿಚಾರಣೆ' ಅಂತ ಬರೆದ ಕಿಟಕಿಯ ಹಿಂದೆ ಯಾರೂ ಇರಲಿಲ್ಲ ಅನ್ನುವುದೂ ಸೇರಿ. ಕೊರತೆ ಇದ್ದದ್ದು ದರೋಡೆಕೋರನದು.

ದರೋಡೆಕೋರ ಗುಂಗುರು. ತಲೆಗೂದಲಿನ ದಯೆಯಿಂದ ಬಂದ ಹೆಸರು. ಅವನೂ ಅವನ ಅಕ್ಕನೂ ಹಾಡುವ ಜೋಡಿ. ಇಬ್ಬರೂ ವೇದಿಕೆ ಹತ್ತಿದರೆ ಮೈದಾನಕ್ಕೆ ಮೈದಾನವೇ ಕುಣಿಯುವ ಕಾಲವೊಂದಿತ್ತು. ಆ ಕಾಲ ಈಚೆಗೆ ಕಾಲು ಕಿತ್ತಿತ್ತು. ಅಷ್ಟರಲ್ಲಿ ಈ ಸಿನಿಮಾ ಸಿಕ್ಕಿತು. ಕಳ್ಳತನದ ಕಥೆ, ನಗಿಸುವಂಥದ್ದು, ಇಬ್ಬರದೂ ಕಳ್ಳರ ಪಾತ್ರ. ಸ್ವರ ಹಿಡಿದವರಿಗೆ ಸರ ಕದಿಯುವುದೇನು ಮಹಾ ಅಂದುಕೊಂಡು ಒಪ್ಪಿಕೊಂಡಿದ್ದರು.

ಅಕ್ಕನಿಗೆ ಮಹಾ ಆಗಲಿಲ್ಲ. ಚಿಕ್ಕಂದಿನಿಂದ ಕಂಡಕಂಡವರನ್ನು ಅಣಕಿಸಿಯೇ ಬೆಳೆದವಳು ಅವಳು. ನಿರ್ದೇಶಕ 'ಗಟ್ಟಿಗಿತ್ತಿ ಕಳ್ಳಿ' ಅಂದದ್ದೇ ತಡ, ಸೋದರತ್ತೆಯ ನಡಿಗೆಗೆ ಟ್ರಾಫಿಕ್ ಪೊಲೀಸನ ಕಣ್ಣು ಜೋಡಿಸಿ ಮೊದಲ ಟೇಕಿಗೇ ಓಕೆ ಮಾಡಿಸಿಕೊಂಡಿದ್ದಳು.

ಗುಂಗುರುವಿಗೆ ಇದ್ದದ್ದು ಇಷ್ಟೇ ಮಾತು: "ಎಲ್ಲಾ ಕೈ ಮೇಲೆತ್ತಿ. ಯಾರೂ ಅಲ್ಲಾಡಬೇಡಿ." ಆದರೆ ಹದಿಹರೆಯದಿಂದ ಪ್ರತಿ ಕಾರ್ಯಕ್ರಮದಲ್ಲೂ ಅವನು ಓಡಿಬಂದು ಮೊದಲು ಹೇಳುತ್ತಿದ್ದದ್ದೇ 'ಕೈ ಮೇಲೆ' ಅಂತ. ಬಾಗಿಲು ಒದ್ದು ಒಳಗೆ ನುಗ್ಗಿದ ಕೂಡಲೇ ನಾಲಿಗೆ ಹಳೇ ದಾರಿ ಹಿಡಿಯುತ್ತಿತ್ತು. "ಎಲ್ಲಾಆಆ... ಕೈ ಮೇಲೇಏಏ." ಒತ್ತೆಯಾಳುಗಳ ಪಾತ್ರಕ್ಕೆ ಬಂದಿದ್ದ ಜೂನಿಯರ್ ಕಲಾವಿದರೂ ಒಂದು ಕಾಲಕ್ಕೆ ಅದೇ ಮೈದಾನಗಳಲ್ಲಿ ಕುಣಿದವರು. ಕೈಗಳೇನೋ ಮೇಲೆ ಹೋಗುತ್ತಿದ್ದವು. ಹೋದ ಮೇಲೆ, ಪಾಪ, ಅವುಗಳಾದರೂ ಏನು ಮಾಡಿಯಾವು, ಎಡಕ್ಕೆ ಬಲಕ್ಕೆ ತೂಗತೊಡಗುತ್ತಿದ್ದವು. ಕ್ಯಾಷಿಯರ್ ತೂಗುತ್ತಿದ್ದ, ಸೆಕ್ಯೂರಿಟಿಯವನು ತೂಗುತ್ತಿದ್ದ. ಅಡ್ಡ ಬಿದ್ದು ಸತ್ತಂತಿರಬೇಕಾದ ಮ್ಯಾನೇಜರ್ ಮಲಗಿದಲ್ಲೇ ಪಾದ ಕುಣಿಸುತ್ತಿದ್ದ.

"ಕಟ್," ಅಂದ ನಿರ್ದೇಶಕ. ಅವನ ದನಿಯಲ್ಲಿ ಈಗ ಸಿಟ್ಟೂ ಉಳಿದಿರಲಿಲ್ಲ. "ಅಣ್ಣಾ, ಅದು ಪಿಸ್ತೂಲು. ಮೈಕ್ ಅಲ್ಲ."

"ಗೊತ್ತು ಸರ್."

"ಗೊತ್ತಿದ್ರೆ ಗಲ್ಲದ ಹತ್ರ ಯಾಕೆ ಹಿಡ್ಕೊಂಡಿದ್ದೀರ? ನೀವು ಬ್ಯಾಂಕ್ ದೋಚೋಕೆ ಬಂದಿದ್ದೀರೋ, ಗಡ್ಡ ಹೆರ್ಕೊಳ್ಳೋಕೆ ಬಂದಿದ್ದೀರೋ?"

"ಆಮೇಲೆ ಜನರ ಕಡೆ ತಿರುಗಿಸಿದ್ನಲ್ಲ ಸರ್."

"ತಿರುಗಿಸಿದ್ರಿ. ತಿರುಗಿಸಿ ಕಿವಿ ಕೊಟ್ಟು ನಿಂತ್ರಿ, ಮಿಕ್ಕ ಅರ್ಧ ಡೈಲಾಗ್ ಅವರೇ ಹೇಳ್ಲಿ ಅಂತ. ಅವರೂ ಹೇಳಿದ್ರು, ಅದೇ ನನ್ನ ಕರ್ಮ."

ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ನಿರ್ಮಾಪಕರು ಕೆಮ್ಮಿದರು. ಸೆಟ್ಟಿನಲ್ಲಿ ಎಲ್ಲರೂ ಅವರನ್ನು ಯಜಮಾನರು ಅನ್ನುತ್ತಿದ್ದರು. ಅವರು ಕೆಮ್ಮಿದರೆ ಮಿಕ್ಕವರಿಗೆ ಜ್ವರ. "ಊಟಕ್ಕೆ ಬಿಡೋದ್ರೊಳಗೆ ಈ ಶಾಟ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಮ್ಮ ಅಳಿಯಂದ್ರು ರೆಡಿ ಇದ್ದಾರೆ."

ರೆಡಿ ಎಂದರೆ ರೆಡಿಯೇ. ಗುಂಗುರು ತೊಟ್ಟಂಥದ್ದೇ ಕಪ್ಪು ಜಾಕೆಟ್ ತೊಟ್ಟು ಅಳಿಯಂದಿರು ಮೂಲೆಯಲ್ಲಿ ನಿಂತು, ಬೆಂಕಿ ಆರಿಸುವ ಸಿಲಿಂಡರನ್ನು ದುರುಗುಟ್ಟಿ ನೋಡುವ ಅಭ್ಯಾಸದಲ್ಲಿದ್ದರು.

ಗುಂಗುರು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಕ್ಕನ ಪಾತ್ರಕ್ಕೆ ಯಾವ ಭಯವೂ ಇಲ್ಲ. ಅವಳು ಅಳಿಯಂದಿರ ಜೊತೆ ದೋಚುತ್ತಾಳೆ, ಗೆಲ್ಲುತ್ತಾಳೆ, ಮುಂದಿನ ಸಿನಿಮಾಕ್ಕೂ ಹೋಗುತ್ತಾಳೆ. ಜೋಡಿ ಅನ್ನುವುದು ಇವತ್ತಿಗೆ ಮುಗಿಯುತ್ತದೆ. ಇನ್ನು ಮುಂದೆ ಜನ ಅವನನ್ನು ಗುಂಗುರು ಅನ್ನುವುದಿಲ್ಲ, 'ಅವಳ ತಮ್ಮ ಅಲ್ವಾ ಇವ್ನು' ಅನ್ನುತ್ತಾರೆ. ಅದೂ ನೆನಪಾದರೆ.

ಮೇಕಪ್ ಕೋಣೆಯಲ್ಲಿ ಅಕ್ಕ ಅವನಿಗೆ ನೀರಿನ ಬಾಟಲಿ ಕೊಟ್ಟಳು. "ನಿಂಗೆ ಹೆದರಿಸೋಕೆ ಬರಲ್ಲ ಕಣೋ. ಮನೆ ಬೆಕ್ಕು ಕೂಡ ನಿನ್ನ ಮಾತು ಕೇಳಲ್ಲ."

"ನೀನಾದ್ರೂ ಏನಾದ್ರೂ ಹೇಳ್ಕೊಡೇ."

"ಏನು ಹೇಳ್ಕೊಡ್ಲಿ? 'ಎಲ್ಲಾಆಆ'," ಅಂತ ಅವನ ದನಿಯನ್ನೇ ತೆಗೆದಳು, ಕೊನೆಯ ಗಮಕದ ಸಮೇತ. "ಇದನ್ನ ಕೇಳಿ ನನಗೇ ಸೊಂಟ ಕುಣೀತು."

"ನಗಬೇಡ ಕಣೇ. ನನ್ನ ತೆಗೆದು ಹಾಕ್ತಾರೆ."

ಅಕ್ಕನ ನಗು ನಿಂತಿತು. "ನೀನು ಇಲ್ಲೇ ಕೂತಿರು," ಅಂದು ಹೊರಟಳು. ಬಾಗಿಲ ಸಂದಿಯಿಂದ ಅವನಿಗೆ ಕಂಡದ್ದಿಷ್ಟು: ಅಕ್ಕ ಜೂನಿಯರ್ ಕಲಾವಿದರ ನಡುವೆ ನಿಂತು ಏನೋ ಪಿಸುಗುಟ್ಟುತ್ತಿದ್ದಾಳೆ. ಪಿಂಚಣಿಗೆ ಬಂದ ಅಜ್ಜಿಯ ಪಾತ್ರದವರು ತಲೆಯಾಡಿಸುತ್ತಿದ್ದಾರೆ. ಆಟೋಗ್ರಾಫ್ ಕೊಡ್ತಿದ್ದಾಳೆ, ಆಗಲೇ ಶುರು ಹಚ್ಚಿಕೊಂಡಳು ಅಂತ ಅವನ ಹೊಟ್ಟೆ ಉರಿಯಿತು.

"ಕೊನೇದು," ಅಂದ ನಿರ್ದೇಶಕ. "ಆಕ್ಷನ್."

ಗುಂಗುರು ಬಾಗಿಲು ಒದ್ದ, ಬೆನ್ನಿಗೆ ಅಕ್ಕ. ಓಡಿಬಂದ. ಬೇಡ ಬೇಡ ಅಂದರೂ ಬಾಯಿಂದ ಅದೇ ಬಂತು. "ಎಲ್ಲಾಆಆ... ಕೈ ಮೇಲೇಏಏ."

ಕೈಗಳು ಮೇಲೆ ಹೋದವು. ಹೋದವು ಅಲ್ಲೇ ನಿಂತವು. ಒಂದು ಬೆರಳೂ ತೂಗಲಿಲ್ಲ. ಕ್ಯಾಷಿಯರನ ಮುಖ ಮುಚ್ಚಿದ ಅಂಗಡಿಯಂತಿತ್ತು. ಮ್ಯಾನೇಜರ್ ನಿಜಕ್ಕೂ ಸತ್ತಿದ್ದ.

ಗುಂಗುರು ಪಿಸ್ತೂಲನ್ನು ಜನರ ಕಡೆ ಚಾಚಿ ಕಿವಿ ಕೊಟ್ಟ. ಏನೂ ಬರಲಿಲ್ಲ. ಬೆನ್ನಿನಲ್ಲಿ ತಣ್ಣಗೆ ಬೆವರಿಳಿಯಿತು. ಒಮ್ಮೆ ಯಾವುದೋ ಕಂಪನಿಯ ವಾರ್ಷಿಕೋತ್ಸವದಲ್ಲಿ ಹಾಡಿದ್ದರು; ಅರ್ಧ ಜನರನ್ನು ಕೆಲಸದಿಂದ ತೆಗೆಯುವ ಸುದ್ದಿ ಆಗಷ್ಟೇ ಬಂದಿತ್ತಂತೆ, ಸಭಾಂಗಣ ಹೀಗೇ ನೋಡಿತ್ತು. ಅವತ್ತಿನಿಂದ ಅವನಿಗೆ ಬೀಳುವ ಕೆಟ್ಟ ಕನಸೆಲ್ಲ ಇದೊಂದೇ: ಅಲ್ಲಾಡದ ಜನ.

"ಕೇಳಿಸ್ತಿಲ್ಲಾ..." ಅಂದ. ವೇದಿಕೆಯಲ್ಲಿ ಈ ಮಾತಿಗೆ ಸೂರು ಹಾರಿಹೋಗುತ್ತಿತ್ತು. ಇಲ್ಲಿ ಅಜ್ಜಿ, ಎತ್ತಿದ ಕೈಯಲ್ಲಿ ಒಂದನ್ನು ಇಳಿಸಿ, ಬಾಯಿಗೆ ಅಡ್ಡ ಹಿಡಿದು, ಆಕಳಿಸಿ, ಮತ್ತೆ ಎತ್ತಿಕೊಂಡರು.

ಪಿಸ್ತೂಲು ಮೆಲ್ಲಗೆ ಗಲ್ಲದ ಹತ್ತಿರ ವಾಪಸು ಬಂತು.

"ಅಜ್ಜೀ," ಅಂದ ಗುಂಗುರು, ಸತ್ತ ದನಿಯಲ್ಲಿ. "ಇಷ್ಟ ಆಗ್ಲಿಲ್ವಾ?"

"ಬೇಗ ಮುಗಿಸಪ್ಪ," ಅಂದರು ಅಜ್ಜಿ. "ನನ್ನ ಟೋಕನ್ ಕರೀತಾರೆ."

"ಮುಗಿಸ್ತೀನಿ ಅಜ್ಜಿ. ಬೇಜಾರು ಮಾಡ್ಕೋಬೇಡಿ. ಬೇಕಾದ್ರೆ ಮತ್ತೆ ಮೊದಲಿಂದ ಒಳಗೆ ಬರ್ಲಾ?" ನಿಜವಾಗಿಯೂ ಹಿಂದೆ ತಿರುಗಿ ಬಾಗಿಲ ಕಡೆ ಹೊರಟೇಬಿಟ್ಟ. ಅಕ್ಕ ಅವನ ಕಾಲರು ಹಿಡಿದು, ಕೌಂಟರಿನ ಮೇಲಿದ್ದ ನೋಟಿನ ಚೀಲ ಹೆಗಲಿಗೇರಿಸಿ, ಎರಡನ್ನೂ ಒಂದೇ ಎಳೆತಕ್ಕೆ ಹೊರಗೆ ತಂದಳು.

"ಕಟ್."

ಕುರ್ಚಿಯೊಂದು ಕಿರ್ರೆಂದಿತು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಿರ್ದೇಶಕ ಓಡಿಬಂದು ಗುಂಗುರುವನ್ನು ತಬ್ಬಿಕೊಂಡ. "ಇಷ್ಟು ದಿನ ನನ್ನ ಕಥೇಲಿ ಕಳ್ಳತನ ಇತ್ತು, ನಗು ಇರ್ಲಿಲ್ಲ. ಕಳ್ಳನೇ ಹೆದರ್ಬೇಕು ಅಂತ ನನಗ್ಯಾಕೆ ಹೊಳೀಲಿಲ್ಲ? ನೀವು ಎಲ್ಲೂ ಹೋಗೋ ಹಾಗಿಲ್ಲ."

ಗುಂಗುರುವಿಗೆ ಬೆವರಿನ ನಡುವೆಯೂ ಉಸಿರು ಬಂತು. ಅಕ್ಕನನ್ನು ಪಕ್ಕಕ್ಕೆ ಎಳೆದ. "ಅವರಿಗೆಲ್ಲ ಹೇಳಿದ್ದು ನೀನೇ ತಾನೆ?"

"ಹೂಂ. ಅವತ್ತಿನ ಕಂಪನಿ ಫಂಕ್ಷನ್ ಜನರ ಥರ ನಿಂತ್ಕೊಳ್ಳಿ ಅಂದೆ."

"ನನ್ನ ಜೀವ ಬಾಯಿಗೆ ಬಂದಿತ್ತು."

"ಅದನ್ನೇ ಕ್ಯಾಮೆರಾದವರು ಸೆರೆ ಹಿಡ್ಕೊಂಡ್ರು. ಇನ್ನೇನು ಬೇಕಿತ್ತು, ಹೂವಿನ ಹಾರನಾ?"

"ಥ್ಯಾಂಕ್ಸ್ ಅಂತೂ ಹೇಳಲ್ಲ."

"ಕೇಳಿದ್ಯಾರು?"

ಅಷ್ಟರಲ್ಲಿ ನಿರ್ದೇಶಕ ಚಪ್ಪಾಳೆ ತಟ್ಟಿದ. ಕಥೆ ಬದಲಾಗಿತ್ತು. ಇನ್ನು ಒಡವೆ ಅಂಗಡಿಯಲ್ಲಿ, ರೈಲಿನಲ್ಲಿ, ಜೈಲಿನಲ್ಲಿ, ಎಲ್ಲಿ ದೋಚಲು ಹೋದರೂ ಜನ ಗುಂಗುರುವನ್ನು ಹೀಗೇ ನೋಡಬೇಕು. ಇಡೀ ಸಿನಿಮಾ ಹೀಗೇ. "ಈಗ ಕ್ಲೋಸಪ್. ಭಯ ಆರೋದ್ರೊಳಗೆ ತಗೊಂಡ್ಬಿಡೋಣ. ಊಟ ಆಮೇಲೆ."

ಊಟ ಮುಂದೆ ಹೋದದ್ದಕ್ಕೆ ಅಷ್ಟೂ ಒತ್ತೆಯಾಳುಗಳು ಗುಂಗುರುವನ್ನು ಈ ಸಲ ಮನಸಾರೆ ಹಾಗೆ ನೋಡಿದರು. ಮೇಕಪ್ಪಿನಾಕೆ ಬೆವರಿನ ಹನಿ ಅಂಟಿಸಲು ಸ್ಪ್ರೇ ಹಿಡಿದು ಬಂದವಳು, ಹಣೆ ನೋಡಿ ಹಾಗೇ ವಾಪಸು ಹೋದಳು. ಅಕ್ಕ ಕ್ಯಾಮೆರಾದ ಪಕ್ಕ ಬಂದು, ಕೈ ಕಟ್ಟಿ, ತಲೆ ಒಂದಿಷ್ಟು ವಾಲಿಸಿ, ಅಪ್ಪನ ಮುಖ ಹಾಕಿಕೊಂಡು ನಿಂತಳು. ಮಕ್ಕಳಿಬ್ಬರೂ ಮೊಟ್ಟಮೊದಲ ಹಾಡು ಹಾಡಿ ಮುಗಿಸಿದಾಗ ಅಪ್ಪ ಬರೀ "ಆಯ್ತಾ?" ಅಂದಿದ್ದರು, ಅದೇ ಮುಖ.

"ಅಕ್ಕಾ, ಬೇಡ ಕಣೇ," ಅಂದ ಗುಂಗುರು.

"ಆಕ್ಷನ್," ಅಂದ ನಿರ್ದೇಶಕ.